ಕಳ್ಳರು ಬಿಟ್ಟುಹೋದ ಗೊಂಬೆಗಳು

ಈಜಿಪ್ಟ್ ಅಂದ ಕೂಡಲೇ ನಮಗೆ ನೆನಪಾಗೋದು ಪಿರಮಿಡ್ಡು, ರಾಜರ ಚಿನ್ನದ ಮುಖವಾಡ. ಆದರೆ ನಾನಿವತ್ತು ಹೇಳ್ತಿರೋದು ರಾಜನ ಕಥೆಯಲ್ಲ, ಒಬ್ಬ ಪ್ರಾಂತಾಧಿಕಾರಿಯ ಕಥೆ. ಹೆಸರು ಜೆಹುತಿನಖ್ತ್. ಸುಮಾರು 4000 ವರ್ಷಗಳ ಹಿಂದೆ, ನೈಲ್ ನದಿ ದಂಡೆಯ 'ಮೊಲದ ಪ್ರಾಂತ್ಯ'ವನ್ನು ಆಳಿದವನು.

1915ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಬೋಸ್ಟನ್ ಮ್ಯೂಸಿಯಂನ ತಂಡ, ದೇರ್ ಎಲ್ ಬರ್ಶಾದಲ್ಲಿ ಇವನ ಸಮಾಧಿಯೊಳಗೆ ಇಳಿಯಿತು. ಸುಮಾರು 30 ಅಡಿ ಆಳದ ಬಾವಿಯಂಥ ಗುಂಡಿ. ತಳದಲ್ಲಿ ಒಂದು ಪುಟ್ಟ ಕೋಣೆ. ಒಳಗೆ ನೋಡಿದರೆ, ಕಳ್ಳರು ಎಂದೋ ಬಂದು ಹೋಗಿದ್ದರು! ಒಡವೆ ದೋಚಿದ್ದರು. ಶವವನ್ನು ತುಂಡು ಮಾಡಿ ಎಸೆದಿದ್ದರು. ಶವಪೆಟ್ಟಿಗೆಯ ಮೇಲೆ ಬಟ್ಟೆ ಸುತ್ತಿದ ಒಂದು ತಲೆ ಮಾತ್ರ ಉಳಿದಿತ್ತು.

ಹಾಗಾದರೆ ಕಳ್ಳರು ಬಿಟ್ಟುಹೋಗಿದ್ದೇನು? ಮರ. ಶವಪೆಟ್ಟಿಗೆಯ ದೇವದಾರು ಲೆಬನಾನಿನಿಂದ ಬಂದದ್ದು. ಒಬ್ಬ ಪ್ರಾಂತಾಧಿಕಾರಿ ಹೊರದೇಶದ ಮರದ ಪೆಟ್ಟಿಗೆಯಲ್ಲಿ ಮಲಗ್ತಾನೆ ಅಂದ್ರೆ, ಅಧಿಕಾರ ರಾಜಧಾನಿಯಲ್ಲಷ್ಟೇ ಇರಲಿಲ್ಲ ಅನ್ನೋದು ಸ್ಪಷ್ಟ. ಇದರ ಜೊತೆಗೆ ರಾಶಿ ರಾಶಿ ಮರದ ಗೊಂಬೆಗಳು. 50ಕ್ಕೂ ಹೆಚ್ಚು ದೋಣಿಗಳು. ಹೊಲ ಉಳುವವನು, ಇಟ್ಟಿಗೆ ಮಾಡುವವರು, ಕಣಜಕ್ಕೆ ಧಾನ್ಯ ತುಂಬುವವರು, ರೊಟ್ಟಿ-ಬಿಯರ್ ಮಾಡುವವರು. ಇವರೆಲ್ಲ ಪರಲೋಕದಲ್ಲೂ ಒಡೆಯನಿಗಾಗಿ ಕೆಲಸ ಮಾಡ್ತಾರೆ ಅನ್ನೋದು ಆ ಕಾಲದ ನಂಬಿಕೆ. ಯೋಚನೆ ಮಾಡಿ: ಸತ್ತ ಮೇಲೂ ಉಣ್ಣೋನು ಅವನೇ, ದುಡಿಯೋರು ಇವರೇ!

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ ತಲೆ ಯಾರದ್ದು? ಅದೇ ಸಮಾಧಿಯಲ್ಲಿ ಅವನ ಹೆಂಡತಿಯನ್ನೂ ಹೂಳಿದ್ದರು. ಅವಳ ಹೆಸರೂ ಜೆಹುತಿನಖ್ತ್! ಗಂಡನದ್ದೋ ಹೆಂಡತಿಯದ್ದೋ ಅಂತ ದಶಕಗಳ ಕಾಲ ಗೊತ್ತಾಗಲಿಲ್ಲ. 2009ರಲ್ಲಿ ಒಂದು ದವಡೆ ಹಲ್ಲು ಕಿತ್ತರು. ಕೊನೆಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಪ್ರಯೋಗಾಲಯ ಆ ಹಲ್ಲಿನ ಪುಡಿಯಿಂದ ಡಿಎನ್‌ಎ ತೆಗೆಯಿತು. 2018ರಲ್ಲಿ ಫಲಿತಾಂಶ ಪ್ರಕಟವಾಯ್ತು: ಅದು ಗಂಡಸಿನ ತಲೆ.

ನೋಡಿ, ಒಂದು ಪ್ರಾಂತ್ಯವನ್ನೇ ಆಳಿದವನು. ಅವನು ಗಂಡೋ ಹೆಣ್ಣೋ ಅಂತ ಹೇಳೋದಕ್ಕೇ ಅಪರಾಧ ಪತ್ತೆ ಮಾಡೋ ಲ್ಯಾಬ್ ಬೇಕಾಯ್ತು. ಕಳ್ಳರು ಕಾಸಿಗೂ ಬೆಲೆ ಇಲ್ಲ ಅಂತ ಬಿಟ್ಟುಹೋದ ಆ ಗೊಂಬೆಗಳಿಗೆ ಯಾವ ಲ್ಯಾಬೂ ಬೇಡ. ಅಂದಿನ ಜನ ಹೇಗೆ ಉಳುತ್ತಿದ್ದರು, ಇಟ್ಟಿಗೆ ಹೇಗೆ ಮಾಡುತ್ತಿದ್ದರು, ಏನು ತಿನ್ನುತ್ತಿದ್ದರು ಅನ್ನೋದನ್ನು ಅವೇ ಹೇಳುತ್ತವೆ. ಮ್ಯೂಸಿಯಂಗೆ ಹೋದಾಗ ಚಿನ್ನದ ಮುಂದೆ ನೂಕುನುಗ್ಗಲು ಇದ್ದೇ ಇರುತ್ತೆ. ಪಕ್ಕದ ಕಪಾಟಿನ ಮರದ ಕೂಲಿಯಾಳಿನ ಮುಂದೆಯೂ ಎರಡು ನಿಮಿಷ ನಿಲ್ಲಿ. ಒಡೆಯನ ಸಂಸಾರ ನಡೆಸಿದ್ದು ಅವನ ಕೈಗಳೇ.