ಹುಲ್ಲಿಗೆ ಕಲಂ ಇಲ್ಲದ ಪಹಣಿ

ಚಂದ್ರನ ಮೇಲೆ ಇಳಿಯಬೇಕಾದ ನೌಕೆಯ ಸಂವೇದಕಗಳಿಗೆ ಗುಂಡಿ, ದಿಣ್ಣೆ ಗುರುತಿಸಲು ಬರುತ್ತದೆಯೇ ಎಂದು ನೋಡಲು ಇಸ್ರೋ ಕೃತಕ ಕುಳಿಗಳನ್ನು ತೋಡಿಸಿದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ. ದನ ಮೇಯಲೆಂದೇ ಕಾದಿಟ್ಟ ನೆಲ ಹೀಗೆ ಚಂದ್ರನ ಬರಡು ಮೈಗೆ ಬದಲಿಯಾಗಿ ನಿಂತಿತು. ವಿಜ್ಞಾನಿಗಳನ್ನು ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ಅವರು ತಮಗೆ ಸಿಕ್ಕ ಜಾಗವನ್ನು ಬಳಸಿಕೊಂಡರು. ಆದರೆ ಆ ಜಾಗ ‘ಖಾಲಿ’ ಎಂದು ಕಾಗದದ ಮೇಲೆ ಯಾವಾಗ ಬರೆಯಲಾಯಿತು, ಬರೆದವರು ಏನನ್ನು ಎಣಿಸಿ ಬರೆದರು ಎಂಬುದಕ್ಕೆ ಒಂದು ಇತಿಹಾಸವಿದೆ. ಅಮೃತಮಹಲ್ ಕಾವಲುಗಳ ಆ ಇತಿಹಾಸವನ್ನು ಹಿಂಬಾಲಿಸಿದರೆ ಕಾಣುವುದು ಇಷ್ಟು: ನೆಲ ಯಾರದು ಎಂದು ಸರ್ಕಾರ ಮತ್ತೆ ಮತ್ತೆ ಕೇಳಿದೆ, ಎಕರೆ ಗುಂಟೆಗಳನ್ನು ಮತ್ತೆ ಮತ್ತೆ ಅಳೆದಿದೆ. ಅದರ ಮೇಲೆ ಯಾರು, ಯಾವ ಕಾಲದಲ್ಲಿ, ಏನು ಮಾಡಿ ಬದುಕುತ್ತಿದ್ದಾರೆ ಎಂದು ಕೇಳುವುದನ್ನು ಮಾತ್ರ ನಡುವೆ ಎಲ್ಲೋ ಬಿಟ್ಟುಬಿಟ್ಟಿದೆ.

ಮೊದಲು ಹಾಗಿರಲಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದಾಗ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಾಯಿತು. ಅದಕ್ಕೆಂದು ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಗೊತ್ತುಮಾಡಿದರು. ಹೆಸರು ಬೆಣ್ಣೆಯದಾದರೂ ಹೈದರಾಲಿಯ ಹೊತ್ತಿಗೆ ಅದರ ಕೆಲಸ ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸುವುದಾಯಿತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ತಳಿಗಳಿಂದ ಬೆಳೆಸಿದ ಈ ದನಗಳ ಇಲಾಖೆಗೆ ಟಿಪ್ಪು ‘ಅಮೃತಮಹಲ್’ ಎಂದು ಹೆಸರಿಟ್ಟು, ಸಾಕಣೆಗೆ ಹುಕುಂನಾಮೆ ಹೊರಡಿಸಿದ. ಕಾವಲುಗಳನ್ನು ವಿಂಗಡಿಸಿದ್ದು ವಿಸ್ತೀರ್ಣದಿಂದಲ್ಲ, ಋತುವಿನಿಂದ: ಮಳೆಗಾಲದವು, ಚಳಿಗಾಲದವು, ಬೇಸಿಗೆಯವು. ಬೇಸಿಗೆ ಕಾವಲಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ, ಏಕೆಂದರೆ ಅಲ್ಲಿ ಕೆರೆಯಂಗಳದ ಹಸಿರು, ಮರದ ನೆರಳು, ನೀರು ಇರುತ್ತಿತ್ತು. ಹಿಂಡು ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆದಂತೆ ಹಿಂದಿನ ಕಾವಲಿನ ಹುಲ್ಲು ಮತ್ತೆ ಚಿಗುರುತ್ತಿತ್ತು. ಆದ್ದರಿಂದ ವರ್ಷದ ಯಾವುದೋ ಒಂದು ತಿಂಗಳಲ್ಲಿ ಹೋಗಿ ನೋಡಿದವನಿಗೆ ಕಾವಲು ಬರಿದಾಗಿಯೇ ಕಂಡೀತು. ಆ ಬರಿದು ಕೂಡ ಬಳಕೆಯ ಭಾಗವೇ ಆಗಿತ್ತು. ರೈತನ ಹೊಲ ಒಂದು ಬೆಳೆ ಕೊಯ್ದು ಬೀಡು ಬಿದ್ದಾಗ ಅದನ್ನು ಪಾಳು ಎಂದು ಯಾರೂ ಅನ್ನುವುದಿಲ್ಲವಷ್ಟೆ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಬ್ರಿಟಿಷರ ಕೈಗೆ ಹೋದವು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿದರು. ಐದಾರು ವರ್ಷದಲ್ಲಿ ತಪ್ಪು ಅರಿವಾಗಿ ಮತ್ತೆ ತೆರೆದರು. ಈ ಸಣ್ಣ ಪ್ರಸಂಗವನ್ನು ಹಗುರವಾಗಿ ನೋಡಬಾರದು. ದನ ಮಾರಿದಾಗ ಉಳಿತಾಯ ಎಷ್ಟೆಂಬ ಲೆಕ್ಕ ತಕ್ಷಣ ಕೈಗೆ ಸಿಕ್ಕಿತು; ಕಳೆದುಕೊಂಡದ್ದರ ಲೆಕ್ಕ ಸಿಗಲು ಒಳ್ಳೆಯ ಎತ್ತಿನ ಬರ ಬರಬೇಕಾಯಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿ, ಅದರ ಬೆನ್ನಿಗೇ ಅಮೃತಮಹಲ್ ಕೂಡ ಮೈಸೂರು ಸರ್ಕಾರದ್ದಾಯಿತು. ಆಗ ಕಾವಲುಗಳು ಹಾಸನ, ಕಡೂರು, ಚಿತ್ರದುರ್ಗ, ತುಮಕೂರು, ಮೈಸೂರು ಸೀಮೆಗಳಲ್ಲಿ ನಾಲ್ಕು ಲಕ್ಷ ಎಕರೆಯಷ್ಟು ಹರಡಿದ್ದವು. ಇಂದು ಉಳಿದಿರುವುದು ಅದರ ಸಣ್ಣ ಪಾಲು. ಇಪ್ಪತ್ತನೆಯ ಶತಮಾನದಲ್ಲಿ ಸೇನೆಗೆ ಲಾರಿ ಬಂತು, ಫಿರಂಗಿ ಎತ್ತಿನ ಕಾಲ ಮುಗಿಯಿತು. ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯಲ್ಲಿ ಕಾವಲುಗಳು ಸಾಗುವಳಿಗೆ ಹೋದವು. ದರಖಾಸ್ತು, ಬಗರ್‌ಹುಕುಂ, ಪುನರ್ವಸತಿ, ನೀಲಗಿರಿ ನೆಡುತೋಪು ಎಂದು ಉಳಿದದ್ದೂ ಚೂರು ಚೂರಾಯಿತು.

ಈ ಚೂರಾಗುವಿಕೆ ಸದ್ದಿಲ್ಲದೆ ನಡೆಯಲು ದಾಖಲೆಯ ಸ್ವರೂಪವೇ ಅನುಕೂಲ ಮಾಡಿಕೊಟ್ಟಿತು. ನಮ್ಮ ಪಹಣಿಯನ್ನು ತೆರೆದು ನೋಡಿ. ಸ್ವಾಧೀನದಾರರಿಗೆ ಒಂದು ಕಲಂ, ಸಾಗುವಳಿದಾರರಿಗೆ ಒಂದು, ಬೆಳೆಗೆ ಒಂದು, ಸಾಲ ಋಣಗಳಿಗೆ ಒಂದು. ಮಳೆಗಾಲದ ಮೂರು ತಿಂಗಳು ಇಲ್ಲಿ ಇಂಥ ಹಟ್ಟಿಯ ಕುರಿ ಮೇಯುತ್ತವೆ ಎಂದು ಬರೆಯಲು ಜಾಗವಿಲ್ಲ. ಬೆಳೆ ಇಲ್ಲದ ಕಡೆ ಖರಾಬು ಎಂದು ಬೀಳುತ್ತದೆ. ಖರಾಬು ಎಂದು ಬಿದ್ದದ್ದು ನಾಲ್ಕು ಟಿಪ್ಪಣಿ ದಾಟುವಷ್ಟರಲ್ಲಿ ಬಂಜರು ಆಗುತ್ತದೆ. ಬಂಜರು ಎಂದ ಮೇಲೆ ಕೊಡುವುದಕ್ಕೆ ಅಡ್ಡಿಯೇನು? ಸಾಲದೆಂಬಂತೆ ಒಂದೇ ನೆಲ ಮೂರು ಇಲಾಖೆಗಳ ಪುಸ್ತಕದಲ್ಲಿ ಮೂರು ಬಗೆಯಾಗಿದೆ. ಕಂದಾಯದವರಿಗೆ ಅದು ಸರ್ಕಾರಿ ಸರ್ವೆ ನಂಬರ್, ಪಶುಪಾಲನೆಯವರಿಗೆ ಅಮೃತಮಹಲ್ ಕಾವಲು, ಅರಣ್ಯ ನಿಯಮಗಳ ಕಣ್ಣಿಗೆ ಜಿಲ್ಲಾ ಅರಣ್ಯ. ಮೂರನ್ನೂ ಒಟ್ಟಿಗೆ ಇಟ್ಟು ಓದುವ ಕೆಲಸ ಯಾರ ಮೇಜಿಗೂ ಸೇರಿರಲಿಲ್ಲ.

2007ರ ನಂತರದ ಕೆಲವೇ ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ನಡೆದ ದೊಡ್ಡ ಮಂಜೂರಾತಿಗಳಿಗೆ ಈ ಹಿನ್ನೆಲೆಯಿದೆ. ವರವು ಕಾವಲು, ಕುದಾಪುರ, ಉಳ್ಳಾರ್ತಿ ಸುತ್ತಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ ನಾಲ್ಕು ಸಾವಿರ ಎಕರೆಗೂ ಮಿಕ್ಕಿ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800 ಎಕರೆ, ಇಸ್ರೋಗೆ ಐನೂರಕ್ಕೂ ಹೆಚ್ಚು, ಜೊತೆಗೆ ಖಾಸಗಿ ಸೌರವಿದ್ಯುತ್ ಯೋಜನೆಗೆ ಇನ್ನಷ್ಟು. ಒಟ್ಟು ಹತ್ತು ಸಾವಿರ ಎಕರೆಯ ಆಸುಪಾಸು. ಊರವರಿಗೆ ಸುದ್ದಿ ಮುಟ್ಟಿದ್ದು ಬಹುಮಟ್ಟಿಗೆ ಗೋಡೆ ಏಳತೊಡಗಿದಾಗ. ಈ ಸೀಮೆ ಕುರಿಗೂ ಕಂಬಳಿಗೂ ಹೆಸರಾದದ್ದು. ಕಾಡುಗೊಲ್ಲರು, ಮ್ಯಾಸಬೇಡರು ತಮ್ಮ ದೇವರ ಎತ್ತುಗಳನ್ನು ಕಿಲಾರಿಗಳ ಕೈಗೆ ಒಪ್ಪಿಸಿ ಇಂದಿಗೂ ಮೇಯಿಸುವ ನಾಡು. ಮಂಜೂರಾತಿಗಳನ್ನು ಪ್ರಶ್ನಿಸಿದ ಪ್ರಕರಣ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, ಅದು ಸತ್ಯಶೋಧನೆಗೆ ಸಮಿತಿ ಕಳಿಸಿತು, 2014ರಲ್ಲಿ ತೀರ್ಪು ಬಂತು. ಯೋಜನೆಗಳು ನಿಲ್ಲಲಿಲ್ಲ. ಆದರೆ ಸಮಿತಿ ಮಾಡಬೇಕಾಗಿ ಬಂದ ಕೆಲಸವನ್ನು ಗಮನಿಸಿ: ಯಾವ ಸರ್ವೆ ನಂಬರ್ ಯಾರಿಗೆ ಹೋಯಿತು, ಅಲ್ಲಿ ಮುಂಚೆ ಏನಿತ್ತು, ಯಾರು ನೆಚ್ಚಿಕೊಂಡಿದ್ದರು ಎಂಬ ಪರಿಶೀಲನೆ. ಮಂಜೂರಾತಿಗೆ ಮುಂಚೆ ಆಗಬೇಕಿದ್ದ ತಪಾಸಣೆ ಗೋಡೆ ಎದ್ದ ಮೇಲೆ, ನ್ಯಾಯಪೀಠದ ಆದೇಶದಿಂದ ಆಯಿತು.

ಕೊಡುವ ಮುಂಚೆ ಬಳಕೆಯನ್ನು ಎಣಿಸಬೇಕೆಂಬ ಈ ವಾದಕ್ಕೆ ಆಕ್ಷೇಪಗಳಿವೆ, ಅವು ಪೊಳ್ಳೂ ಅಲ್ಲ. ಕಾವಲು ಎಂದೂ ಊರಿನ ಸ್ವತ್ತಾಗಿರಲಿಲ್ಲ, ದೊರೆಯ ದನಕ್ಕಾಗಿ ಬೇಲಿ ಹಾಕಿದ ನೆಲ, ಉತ್ತರಾಧಿಕಾರಿ ಸರ್ಕಾರ ಅದನ್ನು ಯಾರಿಗಾದರೂ ಕೊಡಬಹುದು ಎನ್ನುವುದು ಮೊದಲನೆಯದು. ಅರ್ಧ ನಿಜ. ಕಾವಲನ್ನು ಹಿಂದಿನ ಸತ್ಯಯುಗದ ಸಾಮುದಾಯಿಕ ಆಸ್ತಿ ಎಂದು ಹಾಡಿ ಹೊಗಳುವವರು ಕಾವಲುಗಾರನ ಕೈಯಲ್ಲಿದ್ದ ಕೋಲನ್ನು ಮರೆಯುತ್ತಾರೆ. ಆದರೆ ಫಿರಂಗಿ ಎತ್ತು ಹೋದ ಮೇಲೂ ಹುಲ್ಲು ಹೋಗಲಿಲ್ಲ, ಊರ ದನ ಕುರಿ ಅದನ್ನು ತಲೆಮಾರುಗಳಿಂದ ಮೇಯ್ದವು. ಕಾನೂನು ಇಂಥ ಬಳಕೆಯನ್ನು ಹಕ್ಕಿನ ಒಂದು ರೂಪವೆಂದು ಈಗ ಒಪ್ಪಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇವಿನ ಹಕ್ಕನ್ನೂ ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನೂ ಹೆಸರಿಸಿ ಹೇಳುತ್ತದೆ. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ಜಮೀನುಗಳನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಮರಳಿಸಬೇಕೆಂದು ರಾಜ್ಯಗಳಿಗೆ ಸೂಚಿಸಿತು.

ದೇಶಕ್ಕೆ ವಿಜ್ಞಾನ, ರಕ್ಷಣೆ ಬೇಡವೇ ಎಂಬುದು ಎರಡನೆಯ ಆಕ್ಷೇಪ. ಬೇಕು. ಚಿತ್ರದುರ್ಗದ ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆ ವಾಹನ ತಾನಾಗಿ ನೆಲಕ್ಕಿಳಿದದ್ದು ಸಣ್ಣ ಸಾಧನೆಯಲ್ಲ. ಆದರೆ ಬೇಕು ಎಂಬುದು ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರವಾಗದು. ಇಲ್ಲಿ ಇಥಿಯೋಪಿಯಾದ ಒಂದು ಉದಾಹರಣೆ ನೆನೆಯಬಹುದು; ಅದಕ್ಕೂ ಬೆಂಗಳೂರಿಗೂ ನಂಟಿದೆ. ಗುಲಾಬಿ ಬೆಳೆದು ಹೆಸರಾದ ಬೆಂಗಳೂರಿನ ಕರುಟೂರಿ ಕಂಪನಿಗೆ 2010ರಲ್ಲಿ ಗ್ಯಾಂಬೆಲ್ಲಾ ಪ್ರಾಂತ್ಯದಲ್ಲಿ ಒಂದು ಲಕ್ಷ ಹೆಕ್ಟೇರ್ ಗುತ್ತಿಗೆಗೆ ಸಿಕ್ಕಿತು. 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆ ರದ್ದುಮಾಡಿತು. ಗೊತ್ತಾದ ಅವಧಿಯಲ್ಲಿ ಹಸನು ಮಾಡಿದ್ದು ಬರೀ 1,200 ಹೆಕ್ಟೇರ್ ಎಂಬುದು ಅದು ಕೊಟ್ಟ ಕಾರಣ. ಕೊಡುವಾಗ ಅಲ್ಲಿನ ಮೂಲ ನಿವಾಸಿಗಳನ್ನು ಕೇಳದ ಸರ್ಕಾರ ಅದು, ಅದನ್ನು ಮಾದರಿ ಎನ್ನಲಾರೆ. ಆದರೂ ಕೊಟ್ಟ ನೆಲದಲ್ಲಿ ಎಷ್ಟು ಬಳಕೆಯಾಯಿತು ಎಂದು ಎಣಿಸಿ ವಾಪಸು ಪಡೆಯುವುದು ಒಂದು ಬಡ ದೇಶಕ್ಕೆ ಸಾಧ್ಯವಾದರೆ, ಕೈಗಾರಿಕೆಗೂ ಸಂಸ್ಥೆಗಳಿಗೂ ಸಾವಿರ ಸಾವಿರ ಎಕರೆ ಕೊಡುವ ನಮಗೆ ಯಾಕೆ ಆಗಬಾರದು?

ಮೂರನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಕಷ್ಟದ್ದು. ಕಾವಲುಗಳ ಬಹುಪಾಲು ಹೋದದ್ದು ದೊಡ್ಡ ಸಂಸ್ಥೆಗಳಿಗಲ್ಲ, ಎರಡು ಮೂರು ಎಕರೆಯ ಬಡ ಸಾಗುವಳಿದಾರರಿಗೆ. ಅವರಲ್ಲಿ ಭೂಮಿಯನ್ನೇ ಕಾಣದ ದಲಿತ ಕುಟುಂಬಗಳೂ ಇದ್ದವು. ಲೆಕ್ಕ ತಪಾಸಣೆ ಶುರುವಾದರೆ ಮೊದಲು ಎದ್ದು ಹೋಗುವವರು ಇವರೇ ಅಲ್ಲವೇ? ಬರೀ ಹಕ್ಕುಪತ್ರ ನೋಡುವ ತಪಾಸಣೆಯಾದರೆ ಖಂಡಿತ ಹೌದು, ಕಾಗದ ಗಟ್ಟಿಯಿಲ್ಲದವರು ಅವರೇ. ಬಳಕೆಯನ್ನೂ ನೋಡುವ ತಪಾಸಣೆಯಲ್ಲಿ ಮಾತ್ರ ಅವರಿಗೆ ಉಳಿಗಾಲವಿದೆ: ಉತ್ತು ಉಣ್ಣುತ್ತಿರುವ ಎರಡು ಎಕರೆಯೂ ಗೋಡೆಯೊಳಗೆ ಪಾಳು ಬಿದ್ದ ಇನ್ನೂರು ಎಕರೆಯೂ ಆಗ ಬೇರೆ ಬೇರೆಯಾಗಿ ಕಾಣುತ್ತವೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮ ಪ್ರತಿ ನೂರು ಜಾನುವಾರಿಗೆ ಕನಿಷ್ಠ 12 ಹೆಕ್ಟೇರ್ ಗೋಮಾಳ ಇರಬೇಕೆನ್ನುತ್ತದೆ. ಜಾನುವಾರು ಗಣತಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ತಮ್ಮ ಊರಿನ ಗಣತಿಯ ಅಂಕಿಯನ್ನೂ ಉಳಿದಿರುವ ಗೋಮಾಳ, ಕಾವಲುಗಳ ಸರ್ವೆ ನಂಬರುಗಳನ್ನೂ ಪಕ್ಕಪಕ್ಕ ಇಟ್ಟು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸುವಂತೆ ಓದುಗರು ಅರ್ಜಿ ಕೊಡಲಿ.