ಗೋಡೆ ಕೆರೆದರೆ ಸಿಗುವ ಇತಿಹಾಸ: ಮುಂಬೈನ ನೀಲಿ ಕಟ್ಟಡದ ಕಥೆ

ಮುಂಬೈನ ಕಾಲಾ ಘೋಡಾ ಕಡೆ ಓಡಾಡಿದವರಿಗೆ ಅಲ್ಲಿನ ತಿಳಿನೀಲಿ ಯಹೂದಿ ಪ್ರಾರ್ಥನಾ ಮಂದಿರ ನೆನಪಿರುತ್ತೆ. ಹೆಸರು ಕೆನೆಸೆತ್ ಎಲಿಯಾಹೂ. 1884ರಲ್ಲಿ ಜೇಕಬ್ ಸಸೂನ್ ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ದಶಕಗಳ ಕಾಲ ಆ ನೀಲಿಯೇ ಅದರ ಗುರುತಾಗಿತ್ತು. ಆದರೆ 2019ರಲ್ಲಿ ಜೀರ್ಣೋದ್ಧಾರ ಮುಗಿದಾಗ ಹೊರಬಂದದ್ದು ಬಿಳಿ ಮತ್ತು ಇಂಡಿಗೋ ಬಣ್ಣದ ಕಟ್ಟಡ. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ತಂಡ ಪದರ ಪದರವಾಗಿ ಕೆರೆದು ಹುಡುಕಿದ ಮೂಲ ಬಣ್ಣ ಅದು.

ನಾನು ಸಾಫ್ಟ್‌ವೇರ್ ಕೆಲಸದವನು. ನನಗೆ ಹಳೇ ಗೋಡೆ ಅಂದ್ರೆ ಗಿಟ್ ಲಾಗ್ ಇದ್ದ ಹಾಗೆ. ಬಣ್ಣ ಹೊಡೆದಾಗಲೆಲ್ಲ ಒಂದು ಕಮಿಟ್. ಆದರೆ ತಾರೀಖನ್ನು ಯಾರೂ ಬರೆದಿಟ್ಟಿಲ್ಲ. ಹಾಗಾದ್ರೆ ಕಾಲ ಗೊತ್ತಾಗೋದು ಹೇಗೆ? ಪುಟ್ಟ ಚೂರೊಂದನ್ನು ಎಬ್ಬಿಸಿ, ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಎರಡು ಪದರಗಳ ನಡುವೆ ಕೊಳೆಯ ಗೆರೆ ಇದ್ದರೆ, ಕೆಳಗಿನ ಬಣ್ಣ ಬಹಳ ವರ್ಷ ಹೊರಗೆ ಕಾಣ್ತಿತ್ತು ಅಂತ ಅರ್ಥ. ಕೊಳೆಯೇ ಇಲ್ಲದಿದ್ದರೆ ಅದು ಬರೀ ಅಸ್ತರಿಯ ಬಣ್ಣ ಇರಬಹುದು. ಟೈಟಾನಿಯಂ ಬಿಳಿ ಸಿಕ್ಕರೆ ಆ ಪದರ 19ನೇ ಶತಮಾನದ್ದಲ್ಲ; ಆ ಬಿಳಿ ಕಾರ್ಖಾನೆಯಿಂದ ಬರತೊಡಗಿದ್ದೇ 20ನೇ ಶತಮಾನದಲ್ಲಿ. ಇನ್ನೊಂದು ಎಚ್ಚರಿಕೆ: ಎಣ್ಣೆ ಬಣ್ಣ ಕತ್ತಲಲ್ಲಿ ಹಳದಿಗೆ ತಿರುಗುತ್ತೆ. ಕೆರೆದ ತಕ್ಷಣ ಕಂಡ ಕೆನೆ ಬಣ್ಣ ಒಂದು ಕಾಲಕ್ಕೆ ಅಚ್ಚ ಬಿಳಿಯೇ ಆಗಿದ್ದಿರಬಹುದು.

ಅದಕ್ಕೂ ಹಿಂದೆ ನಮ್ಮ ಮನೆಗಳಿಗೆಲ್ಲ ಸುಣ್ಣ, ಅದಕ್ಕೆ ಚಿಟಿಕೆ ನೀಲಿ. ಡಬ್ಬದ ಬಣ್ಣದ ಕಥೆಯಲ್ಲೂ ಮುಂಬೈ ಇದೆ. ಏಷ್ಯನ್ ಪೇಂಟ್ಸ್ 1942ರಲ್ಲಿ ಗಿರ್‌ಗಾಂವ್‌ನಲ್ಲಿ ಶುರುವಾಯಿತು. ಅದರ ಗಟ್ಟು ಎಂಬ ತುಂಟ ಹುಡುಗನನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್! ಆದರೆ ಸುಣ್ಣಕ್ಕೂ ಹೊಸ ಬಣ್ಣಕ್ಕೂ ವ್ಯತ್ಯಾಸವಿದೆ. ಸುಣ್ಣ ಉಸಿರಾಡುತ್ತೆ. ಹಳೇ ಸುಣ್ಣದ ಗಾರೆಯ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಮಳೆಗಾಲದ ತೇವ ಒಳಗೇ ಸಿಕ್ಕಿಕೊಂಡು ಗಾರೆ ಉಬ್ಬಿ ಉದುರುತ್ತೆ. ಅಂದ್ರೆ ಇದು ಬರೀ ಚೆಂದದ ಪ್ರಶ್ನೆಯಲ್ಲ.

ಈಗ ಕಷ್ಟದ ಪ್ರಶ್ನೆ. ಮೂಲ ಬಣ್ಣವೇ ಸರಿ ಅಂತ ಹೇಳಿದವರು ಯಾರು? ತಿಳಿನೀಲಿ ಮಂದಿರವನ್ನೇ ನೋಡುತ್ತಾ ಬೆಳೆದವರಿಗೆ ಅದೂ ಇತಿಹಾಸವೇ ತಾನೆ? ನನ್ನ ಅಭಿಪ್ರಾಯ ಇಷ್ಟು: ಯಾವ ಬಣ್ಣ ಬಳಿದರೂ ಸರಿ, ಎಲ್ಲ ಪದರಗಳೂ ಕಾಣುವ ಒಂದು ಗೇಣು ಗೋಡೆಯನ್ನು ಮುಟ್ಟದೆ ಬಿಡಬೇಕು. ಪೂರ್ತಿ ಕೆರೆದುಬಿಟ್ಟರೆ ಮುಂದಿನವರು ನಮ್ಮ ತೀರ್ಮಾನವನ್ನು ಪರೀಕ್ಷಿಸೋಕೆ ಏನೂ ಉಳಿಯಲ್ಲ.

ದೊಡ್ಡ ಕಟ್ಟಡಗಳಿಗೆ ತಜ್ಞರು ಸಿಗ್ತಾರೆ. ಗಿರ್‌ಗಾಂವ್‌ನ ಖೋತಾಚಿ ವಾಡಿಯ ಮರದ ಮನೆಗಳಿಗೆ, ಊರು ಬಿಟ್ಟು ಬಂದ ನಮ್ಮವರು ಬಾಳಿದ ಚಾಳುಗಳಿಗೆ? ಅವು ಒಂದೊಂದಾಗಿ ಉರುಳ್ತಿವೆ. ಹಳೇ ಫೋಟೋಗಳೆಲ್ಲ ಕಪ್ಪು ಬಿಳುಪು, ಬಣ್ಣ ಹೇಳೋದಿಲ್ಲ. ನಿಮ್ಮ ಹಳೇ ಮನೆಗೆ ಹೊಸ ಬಣ್ಣ ಹೊಡೆಸೋ ಮುಂಚೆ, ಅಥವಾ ಕೆಡವೋ ಮುಂಚೆ, ಬಾಗಿಲ ಹಿಂದಿನಿಂದ ಒಂದು ಚಕ್ಕೆ ಎಬ್ಬಿಸಿ, ಯಾವ ಕೋಣೆ ಅಂತ ಬರೆದು ಲಕೋಟೆಯಲ್ಲಿ ಇಟ್ಟುಕೊಳ್ಳಿ. ಕಾಗದದಲ್ಲಿ ಎಲ್ಲೂ ಸಿಗದ ದಾಖಲೆ ಅದು.