ಪ್ರಜ್ಞೆಯ ಮಾಪನ ಮತ್ತು ಆಡುನುಡಿ: ಹೊಸಪೇಟೆ ಪರಿಸರದ ಹಿನ್ನೆಲೆಯಲ್ಲಿ

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಪರಿಸರದ ಆಡುನುಡಿಯಲ್ಲಿ ಪ್ರಜ್ಞೆಯನ್ನು ಸೂಚಿಸುವ ಪದಗಳು ಹಲವು. ‘ಎಚ್ಚರ’ವು ನಿದ್ರೆಗೆ ವಿರುದ್ಧವಾದ ಸ್ಥಿತಿ. ‘ಗ್ಯಾನ’ವು ಜ್ಞಾನ ಶಬ್ದದ ತದ್ಭವ, ಅದರಲ್ಲಿ ಅರಿವೂ ನೆನಪೂ ಸೇರಿವೆ. ಅರಬ್ಬೀ ಮೂಲದ ‘ಖಬರು’ ಸುದ್ದಿಯೆಂಬ ಅರ್ಥದಿಂದ ಹೊರಟು ಪರಿವೆಯೆಂಬ ಅರ್ಥವನ್ನು ಪಡೆದಿದೆ. ಕಣ್ಣು ತೆರೆದೇ ಇರುವ ರೋಗಿಯನ್ನು ಕುರಿತೂ ‘ಖಬರಿಲ್ಲ’ ಎನ್ನಬಹುದು. ಎಚ್ಚರ ಬೇರೆ, ಅರಿವು ಬೇರೆ ಎಂಬ ಈ ಭೇದವನ್ನು ಆಧುನಿಕ ನರವೈದ್ಯವೂ ಅಂಗೀಕರಿಸಿದೆ ಎಂಬುದು ಗಮನಾರ್ಹ.

ರೋಗಿಯ ಹಾಸಿಗೆಯ ಬಳಿಯೇ ಪ್ರಜ್ಞೆಯನ್ನು ಅಳೆಯುವ ಪ್ರಸಿದ್ಧ ಸಾಧನವು ಯಂತ್ರವಲ್ಲ. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಪ್ರಕಟಿಸಿದ ಗ್ಲಾಸ್ಗೋ ಕೋಮಾ ಮಾಪಕಕ್ಕೆ ಒಂದು ಹಾಳೆ ಸಾಕು. ಇಂದಿನ ರೂಪದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6 ಅಂಕಗಳ ಮಿತಿಯಿದ್ದು, ಮೊತ್ತವು 3ರಿಂದ 15ರವರೆಗೆ ಇರುತ್ತದೆ.

ಯಂತ್ರದ ಪರಂಪರೆ ಬೇರೆ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮಾನವ ಮಿದುಳಿನ ವಿದ್ಯುತ್ ತರಂಗಗಳನ್ನು ಮೊದಲಿಗೆ ದಾಖಲಿಸಿದರು. ಅದೇ ತತ್ತ್ವದ ಇಇಜಿ ಯಂತ್ರವು ಕ್ರಮೇಣ ಹಾಸಿಗೆಯ ಬಳಿಗೆ ಒಯ್ಯಬಹುದಾದಷ್ಟು ಚಿಕ್ಕದಾಯಿತು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರಿವಿಲ್ಲದವರೆಂದು ನಿರ್ಣಯಿಸಲಾಗಿದ್ದ 16 ರೋಗಿಗಳಿಗೆ ಕೈ ಮುಷ್ಟಿ ಕಟ್ಟುವುದನ್ನು, ಕಾಲ್ಬೆರಳು ಆಡಿಸುವುದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವಂತೆ ಹೇಳಲಾಯಿತು. ಮೂವರ ಮಿದುಳು ಸ್ಪಂದಿಸಿತೆಂದು ವರದಿಯಾಯಿತು. ಅದರ ಗಣನಾವಿಧಾನವನ್ನು ಬೇರೆ ತಜ್ಞರು 2013ರಲ್ಲಿ ಪ್ರಶ್ನಿಸಿದರು. ಆದರೆ 2024ರ ವಿಸ್ತೃತ ಅಧ್ಯಯನವು, ಸೂಚನೆಗೆ ಯಾವ ಬಾಹ್ಯ ಪ್ರತಿಕ್ರಿಯೆಯನ್ನೂ ತೋರದ 241 ರೋಗಿಗಳಲ್ಲಿ 60 ಮಂದಿಯ ಮಿದುಳಿನಲ್ಲಿ ಅಂಥ ಸ್ಪಂದನವನ್ನು ಗುರುತಿಸಿತು.

ಇಲ್ಲಿ ಭಾಷೆಯ ಪ್ರಶ್ನೆ ಮುಖ್ಯವಾಗುತ್ತದೆ. ಹಾಳೆಯ ಮಾಪಕವಾಗಲಿ ಈ ಇಇಜಿ ಪರೀಕ್ಷೆಯಾಗಲಿ, ಎರಡೂ ಆಡಿದ ಮಾತನ್ನು ಅವಲಂಬಿಸಿವೆ. 2013ರಲ್ಲಿ ಪ್ರಕಟವಾದ, ಕಾಂತೀಯ ಸ್ಪಂದದಿಂದ ಮಿದುಳಿನ ಪ್ರತಿಕ್ರಿಯೆಯ ಸಂಕೀರ್ಣತೆಯನ್ನು ಅಳೆಯುವ ವಿಧಾನಕ್ಕೆ ರೋಗಿಯ ಉತ್ತರ ಬೇಕಿಲ್ಲ. ಆದರೆ ಅದಕ್ಕೆ ವಿಶೇಷ ಉಪಕರಣ ಅಗತ್ಯ. ಕನ್ನಡದೊಂದಿಗೆ ತೆಲುಗು, ಉರ್ದು, ಲಂಬಾಣಿ ಭಾಷೆಗಳು ಬಳಕೆಯಲ್ಲಿರುವ ಈ ಪರಿಸರದಲ್ಲಿ, ರೋಗಿ ಅರಿಯದ ನುಡಿಯಲ್ಲಿ ಕೇಳಿದ ಪ್ರಶ್ನೆಗೆ ದೊರೆಯುವ ಮೌನವು ಅರಿವಿನ ಅಭಾವವೆಂದೇ ಎಣಿಕೆಯಾಗುವ ಅಪಾಯವಿದೆ. ಸಂಡೂರಿನ ತಾಂಡಾದ ವೃದ್ಧೆಗೆ ಗ್ರಾಂಥಿಕ ಕನ್ನಡದ ಸೂಚನೆಯೂ ಪರಭಾಷೆಯೇ ಆಗಬಹುದು.

ಆದ್ದರಿಂದ ಮನೆಮಾತಿನ ಅರಿವು ಚಿಕಿತ್ಸೆಗೆ ಹೊರತಾದ ವಿಷಯವಲ್ಲ. ಪ್ರಜ್ಞೆಗೆ ಸಂಬಂಧಿಸಿದ ಆಡುನುಡಿಯ ಪದಗಳನ್ನೂ ಸರಳ ಸೂಚನೆಗಳನ್ನೂ ತಾಲ್ಲೂಕುವಾರು, ಭಾಷಾವಾರು ಸಂಗ್ರಹಿಸಿ ಆಸ್ಪತ್ರೆಗಳಿಗೆ ಒದಗಿಸುವುದು ಜಾನಪದ ಅಧ್ಯಯನವು ಕೈಗೊಳ್ಳಬೇಕಾದ ಕಾರ್ಯವಾಗಿದೆ.